ಡಾಂಬರಣ್ಣ ಮುಚ್ಚಿದ ತೂತುಗಳು

ನಮ್ಮ ಬೀದಿಯಲ್ಲಿ ಡಾಂಬರಣ್ಣ ಎಂದರೆ ಗೊತ್ತಿಲ್ಲದವರಿಲ್ಲ. ಅವನು ನನ್ನ ಒಡಹುಟ್ಟಿದ ಅಣ್ಣ. ನಾನು ಅದೇ ಬೀದಿಯಲ್ಲಿ ಗಾಡಿಗಳ ಸೀಟಿಗೆ ಕವರು, ಲೋಡಿನ ಮೇಲೆ ಹೊದಿಸುವ ಟಾರ್ಪಾಲು ಹೊಲಿಯುವವಳು. ನನ್ನ ಮೆಷಿನ್ನು ಬಾಗಿಲಿಗೇ ಇರುವುದರಿಂದ ನನ್ನ ಕಣ್ಣು ತಪ್ಪಿಸಿ ಅವನು ಮಾಡಿದ್ದು ಬಹಳ ಕಡಿಮೆ. ಹೇಳುವಾಗ ನಡುನಡುವೆ ಬೈಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೈಯದೆ ಅವನ ವಿಷಯ ಹೇಳಲು ನನಗೆ ಬರುವುದಿಲ್ಲ.

ನಮ್ಮದು ಸಮುದ್ರದ ಪಕ್ಕದ ಊರು, ಗಾಳಿಯಲ್ಲೇ ಉಪ್ಪು. ಬೀಗ, ಬಾಗಿಲಿನ ಕೀಲು, ಬಕೆಟ್ಟಿನ ಹಿಡಿ, ನನ್ನ ಸೂಜಿ, ಎಲ್ಲಕ್ಕೂ ತುಕ್ಕು. ಇನ್ನು ಗಾಡಿಗಳ ಪಾಡು ಕೇಳುವುದೇ ಬೇಡ. ಅಣ್ಣ ಓಡಿಸುತ್ತಿದ್ದದ್ದು ಉಪ್ಪಿನ ಆಗರದಿಂದ ಕಾರ್ಖಾನೆಗೆ ಉಪ್ಪು ಸಾಗಿಸುವ ಹಳೇ ಟ್ರಕ್ಕು. ಬೇರೆಯವರ ಟ್ರಕ್ಕುಗಳು ಕೆಲವೇ ವರ್ಷಗಳಲ್ಲಿ ಜರಡಿಯಾಗಿ ಗುಜರಿ ಸೇರಿದರೆ, ಇವನದು ಅಡಿಯಿಂದ ಮಿರಮಿರನೆ ಮಿಂಚುತ್ತಿತ್ತು. ಕಾರಣ ಡಾಂಬರು.

ವರ್ಷವರ್ಷ ಮಳೆಗಾಲಕ್ಕೆ ಮುಂಚೆ ಮೂರು ಕಲ್ಲಿನ ಮೇಲೆ ತಗಡಿನ ಡಬ್ಬಿ ಇಟ್ಟು ಡಾಂಬರು ಕರಗಿಸುತ್ತಿದ್ದ. ಗೋಣಿಚೀಲ ಹಾಸಿಕೊಂಡು ಟ್ರಕ್ಕಿನ ಅಡಿ ಮಲಗಿದನೆಂದರೆ ಊಟಕ್ಕೂ ಏಳುತ್ತಿರಲಿಲ್ಲ. ಸಂಜೆ ಹೊರಗೆ ಬರುವಾಗ ಹುಬ್ಬು, ಮೂಗು, ಕಿವಿ ಎಲ್ಲ ಕಪ್ಪು. ‘ಮದುವೆ ದಿನ ಒಂದು ಬಿಟ್ರೆ ಇವರ ಮುಖದ ಅಸಲಿ ಬಣ್ಣ ನಾನು ನೋಡಿಲ್ಲ’ ಎನ್ನುತ್ತಿದ್ದಳು ಅತ್ತಿಗೆ, ಬದುಕಿದ್ದಷ್ಟು ದಿನ. ಅವಳು ಹೋದ ಮೇಲೆ ಅಣ್ಣನಿಗೆ ಉಳಿದದ್ದು ಒಬ್ಬಳು ಮಗಳು, ಒಂದು ಟ್ರಕ್ಕು ಮತ್ತು ಈ ಡಾಂಬರು.

ಗಾಡಿಯ ಭಾರವೆಲ್ಲ ಹೊರುವುದು ಅಡಿಯಲ್ಲಿರುವ ಎರಡು ಉದ್ದನೆಯ ಕಬ್ಬಿಣದ ತೊಲೆಗಳು. ಚಾಸಿ ಎನ್ನುತ್ತಾರೆ. ನಮ್ಮಲ್ಲಿ ಓಡುವ ಹಳೇ ಟ್ರಕ್ಕು, ಜೀಪುಗಳಲ್ಲಿ ಆ ತೊಲೆ ಒಳಗೆ ಟೊಳ್ಳು, ಉದ್ದನೆಯ ಪೆಟ್ಟಿಗೆಯ ಹಾಗೆ. ತಳದಲ್ಲಿ ಅಲ್ಲಲ್ಲಿ ಬೆರಳು ತೂರುವಷ್ಟು ತೂತುಗಳಿರುತ್ತವೆ. ಅಣ್ಣ ಒಂದು ಸಲ ಅಡಿ ಮಲಗಿ ನೋಡಿದ್ದಾನೆ, ತೂತಿನಿಂದ ಉಪ್ಪುನೀರು ತೊಟ್ಟಿಕ್ಕುತ್ತಿದೆ. ‘ಓಹೋ, ಕಳ್ಳ ಒಳಗೆ ಬರೋ ದಾರಿ ಇದೇ’ ಎಂದುಕೊಂಡ. ಚಿಂದಿ ಬಟ್ಟೆಯನ್ನು ಡಾಂಬರಿನಲ್ಲಿ ಅದ್ದಿ, ತೂತಿಗೆ ತುರುಕಿ, ಹೆಬ್ಬೆರಳಿಂದ ಒತ್ತಿ, ಮೇಲೆ ಮತ್ತೆ ಬಳಿದ. ಬಿರಡೆ ಜಡಿದ ಹಾಗೆ ಗಟ್ಟಿಯಾಯಿತು. ಅಂದಿನಿಂದ ಅದೇ ಅವನ ಕೈಚಳಕವಾಯಿತು. ಬರೀ ಬಳಿಯುವುದು ಯಾರಿಗೆ ಬರುವುದಿಲ್ಲ? ತೂತು ಮುಚ್ಚುವುದರಲ್ಲಿದೆ ಕೆಲಸ ಎನ್ನುತ್ತಿದ್ದ.

ಬೀದಿಯವರೆಲ್ಲ ಅವನ ಹಿಂದೆ ಬಿದ್ದರು. ‘ಅಣ್ಣಾ, ನಂದೂ ಒಂದು ಕೈ ನೋಡಣ್ಣಾ’ ಎಂದರೆ ಸಾಕು, ಕರಗಿಹೋಗುತ್ತಿದ್ದ. ಯಾರ್‍ಯಾರದೋ ಟ್ರಕ್ಕು, ಯಾರ್‍ಯಾರದೋ ಜೀಪು. ಡಾಂಬರಣ್ಣ ಬಳಿದ ಗಾಡಿ ಎಂದರೆ ಕೊಳ್ಳುವವರು ಬಗ್ಗಿ ಸಹ ನೋಡುತ್ತಿರಲಿಲ್ಲ. ಮಗಳು ಹಳೇ ಜೀಪು ಕೊಂಡ ದಿನವಂತೂ ಅವನ ಸಡಗರ ನೋಡಬೇಕಿತ್ತು. ಎರಡೆರಡು ಸಲ ಬಳಿದ, ಒಂದೊಂದು ತೂತನ್ನೂ ತಡವಿ ತಡವಿ ಮುಚ್ಚಿದ.

ಮಗಳನ್ನು ಬೀದಿಯವರು ಜೀಪಕ್ಕ ಎಂದೇ ಕರೆಯುವುದು. ಹಿನ್ನೀರಿನ ಆಚೆ ಮೀನುಗಾರರ ಮನೆಗಳಿವೆ. ಸೇತುವೆ ಇಲ್ಲ, ರಸ್ತೆ ಇಲ್ಲ. ನೀರು ಇಳಿದಾಗ ಜೀಪು ಹಾಯಬಹುದು, ಏರಿದರೆ ಆಳು ಮುಳುಗುತ್ತಾನೆ. ಬುಟ್ಟಿ, ಕೂಸು, ಮುದುಕರನ್ನೆಲ್ಲ ತುಂಬಿಕೊಂಡು, ಚಕ್ರ ಮುಳುಗುವ ನೀರಿನಲ್ಲಿ ಇವಳು ದಿನಾ ದಾಟಿಸುತ್ತಾಳೆ. ನಡುನೀರಿನಲ್ಲಿ ಎಂಜಿನ್ನು ಗುರ್ ಎಂದರೆ ಹೆಂಗಸರು ಕಣ್ಣು ಮುಚ್ಚಿಕೊಳ್ಳುತ್ತಾರಂತೆ, ಇವಳು ಹಾಡು ಹೇಳುತ್ತಾಳಂತೆ. ಅಪ್ಪನ ಮಗಳೇ.

ಒಂದು ದಿನ ಅಣ್ಣನ ಟ್ರಕ್ಕಿನ ಹಿಂದಿನ ಸ್ಪ್ರಿಂಗ್ ಹಿಡಿದಿದ್ದ ಕೊಂಡಿ ಚಾಸಿಯಿಂದ ಕಿತ್ತು ಬಂತು. ಎಳೆಸಿಕೊಂಡು ಬಂದು ವೆಲ್ಡಿಂಗ್ ಮೇಸ್ತ್ರಿಯ ಅಂಗಡಿಯಲ್ಲಿ ನಿಲ್ಲಿಸಿದರು, ನನ್ನ ಅಂಗಡಿಗೆ ಎದುರೇ. ಮೇಸ್ತ್ರಿ ಡಾಂಬರು ಕೆರೆದು, ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು ಕೊಟ್ಟ. ಸುತ್ತಿಗೆ ಒಳಗೇ ಹೋಯಿತು! ಗಬ್ಬು ನಾರುವ ಕಂದು ನೀರು ದಬದಬ ಸುರಿದು, ಅದರ ಜೊತೆ ಕಬ್ಬಿಣ ಚಕ್ಕೆಚಕ್ಕೆಯಾಗಿ ಬಿತ್ತು.

ಮೇಸ್ತ್ರಿ ಬಟ್ಟೆಯ ಬಿರಡೆ ಎಳೆದು ಹಿಡಿದು ಹೇಳಿದ, ‘ಒಳಗೆ ಸೇರಿದ ನೀರು ಆಚೆ ಹೋಗ್ಲಿ ಅಂತ ಬಿಟ್ಟಿರೋ ತೂತು ಕಣಪ್ಪಾ ಇದು. ನೀರು ಬರೋಕೆ ಮೇಲೆ ಸಾವಿರ ಸಂದಿ ಇದೆ, ಹೋಗೋಕೆ ಇದೊಂದೇ ದಾರಿ. ಇದನ್ನ ಮುಚ್ಚಿದ ಪುಣ್ಯಾತ್ಮ ಯಾರು?’

ಅಣ್ಣ ಕೈ ಚಾಚಿ ಆ ಬಿರಡೆ ಇಸಿದುಕೊಂಡ. ಮೇಸ್ತ್ರಿಗೂ ಆಮೇಲೆ ಹೊಳೆಯಿತು, ಮುಖ ತಿರುಗಿಸಿಕೊಂಡ. ‘ಬೆಸೀಬೇಕು ಅಂದ್ರೂ ಹಿಡಿಯೋಕೆ ಒಳ್ಳೆ ಕಬ್ಬಿಣ ಇರ್ಬೇಕಲ್ಲಣ್ಣಾ. ಇಲ್ಲಿ ಬರೀ ಡಾಂಬರೇ ನಿಂತಿದೆ’ ಎಂದ.

ಇಷ್ಟು ವರ್ಷದ ದುಡಿಮೆಯ ಟ್ರಕ್ಕು ಮಣ್ಣಾಯಿತಲ್ಲ, ಅಣ್ಣ ಕುಸಿದು ಕೂರುತ್ತಾನೆ ಎಂದು ನಾನು ನೀರು ತಂದೆ. ಅವನು ಚೊಂಬು ಮುಟ್ಟಲೂ ಇಲ್ಲ. ತನ್ನ ಹೆಬ್ಬೆರಳನ್ನೇ ನೋಡುತ್ತಾ ನಿಂತಿದ್ದವನು ಇದ್ದಕ್ಕಿದ್ದಂತೆ ‘ಅಯ್ಯೋ, ಮಗು!’ ಎಂದು ಹಿನ್ನೀರಿನ ಕಡೆ ಓಡಿದ. ಆ ವಯಸ್ಸಿನಲ್ಲಿ, ಬರಿಗಾಲಿನಲ್ಲಿ.

ಮಗಳು ಅಂದು ಸುಖವಾಗಿ ದಾಟಿ ಬಂದಳು. ಅಪ್ಪ ಉಸಿರು ಕಟ್ಟಿಕೊಂಡು ಹೇಳಿದ್ದನ್ನೆಲ್ಲ ಕೇಳಿ ನಕ್ಕಳು. ‘ನಿನ್ನ ಟ್ರಕ್ಕು ಹೊತ್ತಿದ್ದು ಉಪ್ಪು ಅಪ್ಪಾ, ಅದಕ್ಕೇ ಹಂಗಾಗಿದೆ. ನನ್ನ ಜೀಪಿಗೇನಾಗಿದೆ? ನೀನೇ ಬಳಿದಿದ್ದಲ್ವಾ?’

ಹೇಗಿದೆ ನೋಡಿ. ಅವನ ಕೈ ಮೇಲಿದ್ದ ನಂಬಿಕೆಯಲ್ಲಿ ಕಾಲುಪಾಲೂ ಅವನ ಬಾಯಿ ಮೇಲೆ ಯಾರಿಗೂ ಇರಲಿಲ್ಲ. ಬೀದಿಯಲ್ಲಿ ಒಬ್ಬೊಬ್ಬರ ಮುಂದೆಯೂ ಕೈಮುಗಿದ, ‘ತೂತು ತೆಗೆಸ್ಕೊಳ್ರಪ್ಪಾ, ನಾನೇ ಮೊಳೆ ಹೊಡೆದು ತೆಗೆದು ಕೊಡ್ತೀನಿ.’ ಅವರು ಅವನ ಬೆನ್ನ ಹಿಂದೆ ತಲೆಯ ಪಕ್ಕ ಬೆರಳು ತಿರುಗಿಸಿ ನಕ್ಕರು. ‘ಟ್ರಕ್ಕು ಹೋಯ್ತಲ್ಲ, ಪಾಪ, ತಲೆ ಕೆಟ್ಟಿದೆ. ಚೆನ್ನಾಗಿರೋ ಗಾಡಿಗೆ ತೂತು ಮಾಡ್ತೀನಿ ಅಂತಾನೆ’ ಎಂದು ಒಬ್ಬ ನನ್ನ ಅಂಗಡಿಯಲ್ಲೇ ಕೂತು ಹೇಳಿದ. ಅವನ ಸೀಟಿನ ಕವರು ಹೊಲಿಯುವುದಿಲ್ಲ ಎಂದು ಎಸೆದುಬಿಟ್ಟೆ. ಕೋಣನಿಗಾದರೂ ಹೇಳಿದರೆ ತಿಳಿದೀತು.

ನಾನೇ ಬೈದು ಜೀಪಕ್ಕನನ್ನು ಮೇಸ್ತ್ರಿಯ ಹತ್ತಿರ ಕಳಿಸಿದೆ. ಅವನು ಅಡಿಯಲ್ಲಿ ತಟ್ಟಿ ತಟ್ಟಿ ಕೇಳಿದ. ಅಷ್ಟು ದಪ್ಪ ಡಾಂಬರಿನ ಮೇಲೆ ಎಲ್ಲಿ ತಟ್ಟಿದರೂ ಒಂದೇ ಸದ್ದು. ‘ಎಲ್ಲಾ ಕೆರೆದು ನೋಡ್ಬೇಕಮ್ಮಾ, ಗಾಡಿ ಒಂದು ವಾರ ಬಿಟ್ಟುಹೋಗು’ ಎಂದ. ಅದು ಮೀನಿನ ಸುಗ್ಗಿ. ‘ಈ ತಿಂಗಳು ಕಳೀಲಿ’ ಎಂದಳು.

ಅಣ್ಣನಿಗೆ ಆ ತಿಂಗಳು ಕಳೆಯಲೇ ಇಲ್ಲ. ಜೀಪಿನ ಬೀಗದಕೈ ಬಚ್ಚಿಟ್ಟ, ಅವಳ ಬಳಿ ಇನ್ನೊಂದಿತ್ತು. ಚಕ್ರದ ಗಾಳಿ ಬಿಟ್ಟ, ಅವಳು ಹಲ್ಲು ಕಚ್ಚಿ ಪಂಪು ಹೊಡೆದುಕೊಂಡು ಹೊರಟಳು. ಕಡೆಗೆ ಅಪ್ಪನ ಜೊತೆ ಮಾತೇ ಬಿಟ್ಟಳು. ಅವನು ದಿನಾ ಹಿನ್ನೀರಿನ ದಡದಲ್ಲಿ ಕೂತು, ಆ ಜೀಪು ನೀರಿಗೆ ಇಳಿದದ್ದರಿಂದ ಆಚೆ ದಡ ಹತ್ತುವವರೆಗೂ ನೋಡುತ್ತಿದ್ದ. ‘ಊಟಕ್ಕೆ ಬಾರೋ’ ಎಂದು ಒಂದು ದಿನ ಕರೆಯಲು ಹೋದೆ. ‘ನಡುನೀರಲ್ಲಿ ಎರಡು ತುಂಡಾದ್ರೆ ಏನು ಮಾಡ್ಲೇ? ನನಗೆ ಈಜೂ ಬರಲ್ಲ ಕಣೇ’ ಎಂದು ಅತ್ತ. ನನ್ನ ಅಣ್ಣ ಅತ್ತದ್ದನ್ನು ಅತ್ತಿಗೆ ಸತ್ತಾಗಲೂ ನಾನು ನೋಡಿರಲಿಲ್ಲ.

ಆ ಬೆಳಿಗ್ಗೆ ಜೀಪು ನನ್ನ ಅಂಗಡಿಯ ಮುಂದೆಯೇ ತುಂಬುತ್ತಿತ್ತು. ಬುಟ್ಟಿ ಹೊತ್ತ ಹೆಂಗಸರು, ಒಬ್ಬ ಮೇಷ್ಟ್ರು, ಎದೆಗೆ ಕೂಸು ಕಟ್ಟಿಕೊಂಡ ಬಾಣಂತಿ. ಅಣ್ಣ ಸುತ್ತಿಗೆ, ಮೊಳೆ, ಜಾಕ್ ಹಿಡಿದು ಬಂದವನೇ ಜೀಪಿನ ಮುಂದೆ ಅಂಗಾತ ಮಲಗಿದ.

‘ಏಳು ಅಪ್ಪಾ. ಮರ್ಯಾದೆ ಕಳೀಬೇಡ’ ಎಂದಳು. ಎಷ್ಟೋ ದಿನದ ಮೇಲೆ ಆಡಿದ ಮಾತು ಅದು.

‘ನನ್ನ ಮೇಲೆ ಹತ್ತಿಸ್ಕೊಂಡು ಹೋಗು. ಇಲ್ಲಾ, ಒಂದೇ ಒಂದು ತೂತು ತೆಗೀತೀನಿ, ನೋಡು. ಒಳಗಿಂದ ಏನೂ ಬೀಳದಿದ್ರೆ ಇನ್ನು ನಿನ್ನ ತಂಟೆಗೆ ಬರಲ್ಲ, ನಿಮ್ಮಮ್ಮನ ಮೇಲಾಣೆ.’

ಅಮ್ಮನ ಹೆಸರೆತ್ತಿದ ಮೇಲೆ ಅವಳೇನು ಹೇಳಿಯಾಳು? ‘ನೀರು ಏರೋ ಹೊತ್ತಾಗುತ್ತೆ, ಬೇಗ ಮುಗಿಸು’ ಎಂದು ಎಲ್ಲರನ್ನೂ ಇಳಿಸಿದಳು. ಅವರು ಗೊಣಗುತ್ತಾ ನೆರಳಿಗೆ ನಿಂತರು. ಅಡಿಯಲ್ಲಿ ಸುತ್ತಿಗೆ ಬೀಸಲು ಜಾಗ ಸಾಲದೆ ಅಣ್ಣ ಜಾಕ್ ಇಟ್ಟು ಜೀಪನ್ನು ಎತ್ತಿದ. ಯಾವಾಗಲೂ ಇಡುತ್ತಿದ್ದ ಜಾಗಕ್ಕೇ, ಆ ತೊಲೆಗೇ ಇಟ್ಟ. ಜಾಕ್ ಎಲ್ಲಿ ಇಡುತ್ತಿದ್ದಾನೆಂದು ಅವನೂ ಯೋಚಿಸಲಿಲ್ಲ, ನಾವೂ ಯೋಚಿಸಲಿಲ್ಲ. ಒಳಗೆ ತೂರಿ ಮೊಳೆ ಹೊಡೆದ. ಬಿರಡೆ ಹಾರಿತು, ಕಂದು ನೀರು ಅವನ ಎದೆ ಮೇಲೆ ಸುರಿಯಿತು. ‘ನೋಡು ಮಗಾ! ನೋಡು ಬಾ! ನಾನು ಹೇಳ್ಲಿಲ್ವಾ?’ ಎಂದು ಕೂಗಿದ. ದೇವರಾಣೆಗೂ ಹೇಳುತ್ತೇನೆ, ಆ ದನಿಯಲ್ಲಿ ಸಂತೋಷವಿತ್ತು.

ಆಗ ಜಾಕ್ ತೊಲೆಯೊಳಕ್ಕೆ ಹೋಯಿತು. ದೊಡ್ಡ ಸದ್ದೇನೂ ಆಗಲಿಲ್ಲ, ಒಣ ಹಲಗೆ ಮುರಿದ ಹಾಗೆ ಲಟ್ಟೆಂದಿತು. ಜೀಪು ಅವನ ಮೇಲೆ ಕೂತಿತು. ಬುಟ್ಟಿಯ ಹೆಂಗಸರು, ಮೇಷ್ಟ್ರು, ಮೇಸ್ತ್ರಿ, ಅವನನ್ನು ನೋಡಿ ನಗುತ್ತಿದ್ದ ಬೀದಿಯವರು, ಎಲ್ಲರೂ ಕೈ ಹಾಕಿ ಎತ್ತಿದೆವು. ಮಗಳು ಕಾಲು ಹಿಡಿದು ಎಳೆದಳು. ಬಲಗೈ ಇಡೀ ಜಜ್ಜಿಹೋಗಿತ್ತು. ಆಸ್ಪತ್ರೆಯಲ್ಲಿ ಅದನ್ನು ಮೊಣಕೈವರೆಗೆ ತೆಗೆದರು.

ಎಚ್ಚರವಾದಾಗ ಅವನು ಕೈ ಎಲ್ಲಿ ಎಂದು ಕೇಳಲಿಲ್ಲ. ‘ಜೀಪು ನೀರಿಗೆ ಇಳೀಲಿಲ್ಲ ತಾನೇ?’ ಎಂದ. ಮಗಳು ಮಂಚಕ್ಕೆ ಹಣೆ ಚಚ್ಚಿಕೊಂಡು ಅತ್ತಳು. ‘ನಿನ್ನ ಡಾಂಬರನ್ನ ನಂಬಿದೆ ಅಪ್ಪಾ, ನಿನ್ನನ್ನ ನಂಬ್ಲಿಲ್ಲ’ ಎಂದಳು.

ಆಮೇಲೆ ಬೀದಿಯಲ್ಲಿ ದಿನವಿಡೀ ಸುತ್ತಿಗೆ ಸದ್ದು. ಎಲ್ಲರಿಗೂ ಒಂದೇ ಸಲ ಬುದ್ಧಿ ಬಂತು ನೋಡಿ. ಹಲವು ಗಾಡಿಗಳನ್ನು ಅಲ್ಲೇ ಗುಜರಿಗೆ ಹಾಕಿದರು, ಜೀಪಕ್ಕನದು ಮೊದಲು. ಅವಳೀಗ ಮೇಸ್ತ್ರಿಯ ಅಂಗಡಿಯಲ್ಲಿ ತುಕ್ಕು ಕೆರೆಯುವ ಕೆಲಸ ಮಾಡುತ್ತಾಳೆ. ಹಾಡು ಕೇಳಿ ಬಹಳ ದಿನವಾಯಿತು.

ಆದರೆ ಅಣ್ಣ ಬಳಿದ ಗಾಡಿಗಳೆಲ್ಲ ಈ ಬೀದಿಯಲ್ಲೇ ಇವೆಯೇ? ಎಷ್ಟೋ ಮಾರಿಹೋದವು. ಅವನ ಹೆಸರು ಹೇಳಿಯೇ ಮಾರಿದರು. ಈಗ ಯಾವ ಊರಲ್ಲಿವೆಯೋ, ಯಾವ ರಸ್ತೆಯಲ್ಲಿವೆಯೋ. ಅದಕ್ಕೇ ಅವನು ಬೆಳಗಾದರೆ ದೊಡ್ಡ ರಸ್ತೆಯ ತಿರುವಿಗೆ ಹೋಗಿ ನಿಲ್ಲುತ್ತಾನೆ. ಅಡಿಯಲ್ಲಿ ಕಪ್ಪು ಕಂಡ ಹಳೇ ಗಾಡಿಗೆಲ್ಲ ಎಡಗೈ ಬೀಸಿ, ‘ತೂತು ತೆಗೆಸಪ್ಪಾ, ತೂತು!’ ಎಂದು ಕೂಗುತ್ತಾನೆ. ಯಾರಿಗೆ ಅರ್ಥವಾಗಬೇಕು? ಒಂಟಿಕೈಯ ಮುದುಕ, ಬಿಸಿಲು, ಚಾಚಿದ ಕೈ. ನಿನ್ನೆ ಒಬ್ಬ ಜೀಪು ನಿಧಾನ ಮಾಡಿದ. ಅಣ್ಣ ಆಸೆಯಿಂದ ಹತ್ತಿರ ಓಡಿದ. ಅವನು ಕಿಟಕಿಯಿಂದ ಒಂದು ನಾಣ್ಯ ಎಸೆದು ಹೊರಟುಹೋದ.

ನನಗೆ ರಕ್ತ ಕುದಿಯಿತು. ಹೋಗಿ ರಟ್ಟೆ ಹಿಡಿದು ಎಳೆದೆ. ‘ಸಾಕು ಬಾರೋ ಮನೆಗೆ! ನಿನ್ನ ಮಗಳು ಉಳಿದ್ಲಲ್ಲ, ಇನ್ನೇನು ಬೇಕು ನಿನಗೆ?’

ಅವನು ಆ ಜೀಪು ಹೋದ ದಾರಿಯನ್ನೇ ನೋಡುತ್ತಿದ್ದ. ‘ಹಿಂದಿನ ಸೀಟಲ್ಲಿ ಒಂದು ಹೆಣ್ಣುಮಗು ಕೂತಿತ್ತು ಕಣೇ’ ಎಂದ.