ಹಾಡಿನ ನಡುವಿನ ಖಾಲಿ ಜಾಗ

ನನ್ನ ಹೆದರಿಕೆ ಹೊಟ್ಟೆಯಲ್ಲಿ ಇರುತ್ತದೆ. ಅದು ಎದ್ದರೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಆ ವಾರವೆಲ್ಲ ನಾನು ಮಜ್ಜಿಗೆ ಕುಡಿದೇ ಬದುಕಿದೆ.

ಸಂಗೀತ ಕಾರ್ಯಕ್ರಮ ಏರ್ಪಡಿಸುವ ಕಂಪನಿಯೊಂದರಲ್ಲಿ ನಾನು ಕಾಗದಪತ್ರ ನೋಡಿಕೊಳ್ಳುವವನು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮಿನಲ್ಲಿ, ಆಳೆತ್ತರದ ಸ್ಪೀಕರುಗಳ ಸಂದಿಯಲ್ಲಿ ನನ್ನ ಮೇಜು. ವೇದಿಕೆಯಲ್ಲಿ ಹಾಡುವ ಮಾತುಗಳನ್ನೆಲ್ಲ ಮೊದಲೇ ಇಲ್ಲಿನ ಸರ್ಕಾರಕ್ಕೆ ಒಪ್ಪಿಸಿ ಅನುಮತಿ ಪಡೆಯುವುದು ನನ್ನ ಕೆಲಸ. ಅದರಲ್ಲಿ ಇಲ್ಲದ್ದನ್ನು ಹಾಡುವುದಿಲ್ಲ ಎಂಬ ಮುಚ್ಚಳಿಕೆಯ ಕೆಳಗೆ ಸಹಿಯೂ ನನ್ನದೇ. ಸಿನಿಮಾ ಹಾಡಿನವರು ಬಂದರೆ ಇದು ನೀರು ಕುಡಿದಷ್ಟು ಸುಲಭ.

ಆ ಸಲ ಬಂದದ್ದು ಇಂಗ್ಲೆಂಡಿನ ಒಬ್ಬ ಹಳೆಯ ಸಂಗೀತಗಾರ. ಎಪ್ಪತ್ತರ ದಶಕದ ಕೊನೆಗೆ ಗಿಟಾರು ಹಿಡಿದು ಕಿರುಚುವ ತಂಡ ಕಟ್ಟಿದವನು. ತಂಡ ಒಡೆದ ಮೇಲೆ ಗಿಟಾರು ಮಾರಿ ಸಿಂಥಸೈಜರ್ ಕೊಂಡು, ಯಂತ್ರದ ಸದ್ದಿನಿಂದಲೇ ಜನರನ್ನು ಕುಣಿಸಿದ. ಒಂದು ಹಾಡು ಊರೂರಿನ ಕ್ಲಬ್ಬುಗಳಲ್ಲಿ ಓಡಿತು. ಆಮೇಲೆ ಕುಡಿತ, ಯಾರೂ ಕೇಳದ ವರ್ಷಗಳು, ಟೀವಿ ಧಾರಾವಾಹಿಗೆ ಹಿನ್ನೆಲೆ ಸಂಗೀತ. ಈಗಿನ ಎಳೆಯರು ಅವನನ್ನು ಎಲ್ಲಿಂದಲೋ ಹುಡುಕಿ ತೆಗೆದಿದ್ದರು. ಅವರಲ್ಲಿ ಹತ್ತನೇ ಕ್ಲಾಸಿನ ನನ್ನ ಮಗಳೂ ಒಬ್ಬಳು.

ಆ ಹೆಸರಾದ ಹಾಡಿನ ನಡುವೆ ಒಂದು ಖಾಲಿ ಜಾಗ ಇತ್ತು. ಯಂತ್ರ ಡಬಡಬ ಬಡಿಯುತ್ತಿರುವಾಗ ಆತ ಅವತ್ತವತ್ತು ಬಾಯಿಗೆ ಬಂದದ್ದನ್ನು ಕಿರುಚುತ್ತಿದ್ದ. ಹಳೆಯ ವೀಡಿಯೊಗಳನ್ನು ನೋಡಿದೆ. ರಾಜ, ದೇವರು, ಪೊಲೀಸು, ಯಾರನ್ನೂ ಬಿಟ್ಟವನಲ್ಲ. ಗೋದಾಮಿನ ಏಸಿಯಲ್ಲೂ ನಾನು ಬೆವೆತೆ. ಮ್ಯಾನೇಜರಿಗೆ ಹೇಳಿದರೆ, "ಆ ಜಾಗದಲ್ಲಿ ವಾದ್ಯ ಮಾತ್ರ ಅಂತ ಬರೆದುಹಾಕು, ಖಲಾಸ್" ಅಂದರು. ಬರೆದೆ, ಸಹಿ ಹಾಕಿದೆ. ಖಲಾಸ್ ಅನ್ನುವವರಿಗೇನು, ಸಹಿ ಅವರದಲ್ಲವಲ್ಲ!

ಮನೆಯಲ್ಲಿ ಹೆಂಡತಿ ತಲೆ ಚಚ್ಚಿಕೊಂಡಳು. "ನಿಮಗೆ ಎಂಥ ಆಗಿದೆ ಮಾರಾಯ್ರೆ? ಆ ಹಾಡುವ ಜನ ಸ್ಟೇಜಲ್ಲಿ ಬಾಯಿ ಬಿಟ್ರೆ ನಮ್ಮ ಗತಿ ಎಂಥ?"

ಕಾರ್ಯಕ್ರಮ ಅಬುಧಾಬಿಯ ಕಡಲ ದಂಡೆಯಲ್ಲಿ. ಮಧ್ಯಾಹ್ನ ಆತ ವೇದಿಕೆಯ ಮೇಲೆ ಒಬ್ಬನೇ ವೈರು ಸಿಕ್ಕಿಸುತ್ತಿದ್ದಾಗ ಹೋಗಿ ನಿಂತೆ. "ಸರ್, ಆ ಜಾಗದಲ್ಲಿ ದಯವಿಟ್ಟು ಏನೂ ಹೇಳಬೇಡಿ."

"ಆ ಜಾಗದಲ್ಲಿ ನಾನು ಒಂದು ದಿನವೂ ಬಾಯಿ ಮುಚ್ಚಿದವನಲ್ಲ."

"ಕಾಗದದಲ್ಲಿ ನನ್ನ ಸಹಿ ಇದೆ. ಕೆಲಸ ಹೋದರೆ ವೀಸಾ ಹೋಗುತ್ತದೆ, ಮನೆಮಂದಿಯೆಲ್ಲ ಹೊರಡಬೇಕು. ಮಗಳಿಗೆ ಪರೀಕ್ಷೆ ಹತ್ತಿರ ಬಂದಿದೆ, ಸರ್."

ಆತ ವೈರಿನಿಂದ ಕಣ್ಣೆತ್ತದೆ, "ನೋಡೋಣ" ಅಂದ. ನಾನು ಮಗಳಿಗೆ ನೋಡೋಣ ಅಂದಾಗೆಲ್ಲ ಅದು ಇಲ್ಲ ಅಂತಲೇ ಅರ್ಥ.

ಸೂರ್ಯ ಮುಳುಗುತ್ತಿದ್ದಂತೆ ಶುರುವಾಯಿತು. ಮಗಳು ಮುಂದಿನ ಸಾಲಿನಲ್ಲಿ ಗೆಳತಿಯರ ಜೊತೆ ಇದ್ದಳು. ನಾನು ವೇದಿಕೆಯ ಪಕ್ಕ, ಪರದೆಯ ಮರೆಯಲ್ಲಿ ಕಬ್ಬಿಣದ ಕಂಬ ಹಿಡಿದು ನಿಂತಿದ್ದೆ. ಆ ಹಾಡು ಬಂತು. ಖಾಲಿ ಜಾಗವೂ ಬಂತು. ಆತ ಮೈಕು ಎತ್ತಿಕೊಂಡ, ಉಸಿರು ಎಳೆದುಕೊಂಡ. ಆಗ ಆತ ಯಾಕೋ ಪಕ್ಕಕ್ಕೆ ತಿರುಗಿ ನನ್ನನ್ನು ನೋಡಿದ. ತೆರೆದ ಬಾಯಿ ಹಾಗೇ ಇತ್ತು. ಮೆಲ್ಲಗೆ ಮುಚ್ಚಿದ. ಮೈಕನ್ನು ಸ್ಟ್ಯಾಂಡಿಗೆ ಇಟ್ಟ. ಯಂತ್ರವೊಂದೇ ಬಡಿಯುತ್ತ ಉಳಿಯಿತು. ಜನ ಇದೇನೋ ಹೊಸದು ಅಂದುಕೊಂಡು ಚಪ್ಪಾಳೆ ಹೊಡೆದರು.

ಮುಗಿದ ಮೇಲೆ ಹಿಂದಿನ ಕೋಣೆಗೆ ಹೋಗಿ, "ನನ್ನನ್ನು ಉಳಿಸಿದಿರಿ, ಸರ್" ಅಂದೆ. ಟವಲಿನಿಂದ ಕತ್ತು ಒರೆಸುತ್ತಿದ್ದ ಆತನಿಗೆ ಖುಷಿಯೇನೂ ಇರಲಿಲ್ಲ.

"ನನ್ನಪ್ಪ ಉಕ್ಕಿನ ಕಾರ್ಖಾನೆಯಲ್ಲಿದ್ದ. ಫೋರ್‌ಮನ್ ಎದುರಾದರೆ ಅಪ್ಪನ ಮುಖ ಹೆದರಿ ಹೇಗಾಗುತ್ತಿತ್ತು ಗೊತ್ತಾ? ಅದನ್ನು ನೋಡಲಾರದೆ ಹದಿನಾರಕ್ಕೇ ಮನೆ ಬಿಟ್ಟೆ. ಇಷ್ಟು ವರ್ಷ ಆ ಜಾಗದಲ್ಲಿ ಕಿರುಚಿದ್ದು ಆ ಮುಖಕ್ಕೇ. ಇವತ್ತು ಅದು ಪರದೆಯ ಪಕ್ಕ ಬಂದು ನಿಂತಿತ್ತು. ಅಷ್ಟು ಹತ್ತಿರ ನಿಂತರೆ ಕಿರುಚಲು ಆಗುವುದಿಲ್ಲ."

ಅವನ ಜೊತೆ ವೇದಿಕೆಗೆ ಹೋಗಿ ವೈರು ಸುತ್ತಲು ಸಹಾಯ ಮಾಡಿದೆ.

ವಾಪಸು ಬರುವಾಗ ಮಗಳು ಕಾರಿನಲ್ಲಿ ನನ್ನ ಪಕ್ಕ ಕೂತಿದ್ದಳು. ದುಬೈ ಸೇರಿ ಅಲ್ ಬರ್ಷಾ ಹತ್ತಿರ ಬಂದಾಗ, "ಪಪ್ಪಾ, ನೀವು ಸ್ಟೇಜಿನ ಸೈಡಲ್ಲಿ ನಿಂತದ್ದು ನನಗೆ ಕಾಣ್ತಿತ್ತು" ಅಂದಳು.

"ಹೌದಾ? ಎಂಥ ಕಂಡಿತು?"

"ನಥಿಂಗ್" ಅಂದು ಕಿಟಕಿಯ ಕಡೆ ತಿರುಗಿದಳು.

ಕೆಲಸ ಉಳಿಯಿತು, ವೀಸಾ ಉಳಿಯಿತು, ಪರೀಕ್ಷೆಯೂ ಆಯಿತು. ಅನ್ನವೂ ಇಳಿಯುತ್ತಿದೆ. ಆದರೆ ಊಟದ ನಡುವೆ ಅವಳು ತಲೆಯೆತ್ತಿ ನನ್ನ ಮುಖ ನೋಡಿದಳೋ, ತುತ್ತು ಗಂಟಲಲ್ಲೇ ನಿಲ್ಲುತ್ತದೆ. ಅವಳಿಗೂ ಈಗ ಹದಿನಾರು.