ಉಪ್ಪಿನಕಾಯಿ ಜಾಡಿಗೂ ಒಂದು ಡ್ಯಾಶ್‌ಬೋರ್ಡ್

ಹಾಂ, ನಿನ್ನೆ ಹೇಳುತ್ತಿದ್ದೆನಲ್ಲ ಗೆಳೆಯರೇ, ಕಂಪ್ಯೂಟರಿನಲ್ಲೇ ಹುಟ್ಟಿ ಓಡಾಡುವ ಆ ಕ್ರಿಪ್ಟೋ ನಾಣ್ಯದ ಲೆಕ್ಕ ಇವತ್ತು ನಮ್ಮ ಅಡುಗೆಮನೆಗೇ ಬಂತು. ತಮ್ಮನ ಮಗಳು ಶ್ರುತಿ ಹರಪನಹಳ್ಳಿಯ ನಮ್ಮ ಮನೆಯಲ್ಲೇ ಕೂತು ಕಂಪನಿ ಕೆಲಸ ಮಾಡುತ್ತಾಳೆ. ಯಾವ ನಾಣ್ಯ ಎಷ್ಟು ಹುಟ್ಟಿದೆ, ಎಷ್ಟು ಓಡಾಡುತ್ತಿದೆ ಎಂದು ತೋರಿಸುವ ಡ್ಯಾಶ್‌ಬೋರ್ಡ್‌ಗೆ ಸಂಜೆಯೊಳಗೆ ಹೊಸ ಐಡಿಯಾ ಕೊಡಬೇಕಂತೆ. ಊಟಕ್ಕೆ ಕೂತಾಗ ನನ್ನನ್ನೇ ಕೇಳಿದಳು. ನಾನೂ ಬಿ.ಕಾಂ. ಓದಿದವನೇ. ‘ಲಾ ಆಫ್ ಡಿಮಿನಿಶಿಂಗ್’ ಎಂದು ಶುರುಮಾಡಿದೆ, ಮುಂದಿನದು ನೆನಪಾಗಲಿಲ್ಲ.

“ದೊಡ್ಡಪ್ಪ, ಪಾಠ ಬ್ಯಾಡ. ಈ ನಾಣ್ಯ ಇನ್ನ ಹೊಸದು ಹುಟ್ಟಂಗಿಲ್ಲ, ಇದ್ದಷ್ಟ ಐತಿ. ಜನಕ್ಕ ಏನು ತೋರಿಸಬೇಕು ಹೇಳು,” ಎನ್ನುತ್ತ ತಟ್ಟೆಗೆ ಉಪ್ಪಿನಕಾಯಿ ಹಾಕಿಕೊಂಡಳು.

ಅದು ನನ್ನ ಹೆಂಡತಿ ಹಾಕಿಟ್ಟು ಹೋದ ಕೊನೆಯ ನಿಂಬೆ ಉಪ್ಪಿನಕಾಯಿ. ಹಬ್ಬಕ್ಕೊಂದು ಹೋಳಿನಂತೆ ಕಾಯ್ದುಕೊಂಡು ಬಂದಿದ್ದೆ.

“ಆ ಜಾಡಿ ಎಲ್ಲಿ ಸಿಕ್ತಲೇ ನಿನಗ?”

“ಹಿಟ್ಟಿನ ಡಬ್ಬಿ ಹಿಂದ. ವಾರದಿಂದ ತಿನ್ನಾಕ ಹತ್ತೀನಿ. ಬಾಳ ಚಲೋ ಐತಿ.”

“ಹಂಗಾರ ಬರ್ಕೋ. ಯಾರರ ಮುಚ್ಚಳ ತೆಗೆದ್ರ ಗಂಟಿ ಹೊಡೀಬೇಕು. ಎಷ್ಟು ಉಳಿದೈತಿ ಅನ್ನೋದು ಹೊರಗಿಂದನ ಕಾಣಬೇಕು. ಒಬ್ಬಾಕಿನ ಬಾಳ ಎತ್ತಿದ್ರ ಆಕಿ ಹೆಸರು ಕೆಂಪಕ್ಷರದಾಗ ಬರಬೇಕು.”

“ಮೂರೂ ಚಲೋ ಅದಾವು,” ಎಂದು ಎಡಗೈಯಲ್ಲೇ ಟೈಪ್ ಮಾಡಿ ಕಳಿಸಿದಳು. ಕಂಪನಿಯವರು ಒಪ್ಪಿದರಂತೆ. ಆ ಖುಷಿಗೆ ಇನ್ನೊಂದು ಹೋಳು ಹಾಕಿಕೊಂಡಳು. ಅವಳ ದೊಡ್ಡಮ್ಮ ಇದ್ದಿದ್ದರೆ ಜಾಡಿಯನ್ನೇ ಕೈಗಿಡುತ್ತಿದ್ದಳು. ನಾನೂ ಜಾಡಿಯನ್ನು ಅವಳ ಕಡೆಗೇ ಸರಿಸಿದೆ.

ಬೆಳಕು ಇಳಿಯುತ್ತಿದೆ. ಜಾಡಿಯ ತಳ ಕಾಣುವಷ್ಟು ಬೆಳಕಿರುವಾಗಲೇ ಒಮ್ಮೆ ಇಣುಕಿ, ಎಷ್ಟು ಹೋಳು ಉಳಿದಿವೆ ಎಂದು ನೋಡಿ ಬರುತ್ತೇನೆ.