ಸ್ಟೇರಿಂಗಿನೊಳಗೆ ಮಲಗಿದ ಸಿಡಿಲು

ಬಹಳ ಹಿಂದಿನ ಮಾತೇನಲ್ಲ, ರಾಜರಾಣಿಯರ ಕಾಲವೂ ಅಲ್ಲ. ಒಂದು ಊರು, ಆ ಊರಿಗೊಂದು ಗ್ಯಾರೇಜುಗಳ ಬೀದಿ, ಆ ಬೀದಿಯ ಕೊನೆಯಲ್ಲೊಂದು ಚಕ್ರ. ಚಕ್ರದ ಹೊಟ್ಟೆಯಲ್ಲಿ ಒಂದು ಸಿಡಿಲು ಮೈ ಮಡಚಿಕೊಂಡು ಮಲಗಿತ್ತು. ಅದಕ್ಕೆ ಎಚ್ಚರವಾಗದಂತೆ ಚಕ್ರವನ್ನು ಎತ್ತಬೇಕು, ಎಚ್ಚರವಾಗದಂತೆ ಮತ್ತೆ ಇದ್ದಲ್ಲೇ ಕೂರಿಸಬೇಕು. ನಮ್ಮಜ್ಜಿ ಹೇಳುತ್ತಿದ್ದ ಕಥೆಗಳಲ್ಲಾದರೆ ಇಂಥ ಕೆಲಸಕ್ಕೆ ಮೂರನೆಯ ರಾಜಕುಮಾರ ಹೊರಡುತ್ತಿದ್ದ. ಇಲ್ಲಿ ನಿಂತಿರುವವರು ಗ್ರೀಸು ಮೆತ್ತಿದ ಅಂಗಿಯ, ಐವತ್ತು ದಾಟಿದ ಮೆಕ್ಯಾನಿಕ್.

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬೀದಿಯ ಶಟರುಗಳೆಲ್ಲ ಮುಚ್ಚಿವೆ. ತಗಡಿನ ಮಾಡಿನ ಕೆಳಗೆ ಪಿಕಪ್ ಗಾಡಿಯೊಂದು ನಿಂತಿದೆ. ಹಿಂಬದಿಯಲ್ಲಿ ಬಕೆಟ್ಟು, ಮಗ್ಗು, ಪೊರಕೆಗಳ ಗುಡ್ಡ. ಮೆಕ್ಯಾನಿಕ್ ಅದರ ಸುತ್ತ ಒಂದು ಸುತ್ತು ಬರುತ್ತಾರೆ. ಮುಂದಿನ ಗಾಲಿಗಳು ನೇರವಾಗಿವೆಯೇ ಎಂದು ಬಗ್ಗಿ ನೋಡುತ್ತಾರೆ. ಒಣಗಿದ ಕೈಯನ್ನೇ ಮತ್ತೊಮ್ಮೆ ಬಟ್ಟೆಗೆ ಒರೆಸಿಕೊಳ್ಳುತ್ತಾರೆ.

ಬೀದಿಯವರೆಲ್ಲ ಇವರನ್ನು ಕರೆಯುವುದು ಮೆಲ್ಲಣ್ಣ ಎಂದು. ಹೆತ್ತವರಿಟ್ಟ ಹೆಸರೇನೆಂದು ಕೇಳಿದರೆ ಪಕ್ಕದ ಟಯರ್ ಅಂಗಡಿಯವರೇ ತಲೆ ಕೆರೆದುಕೊಳ್ಳುತ್ತಾರೆ. ಎಂಜಿನ್ನು, ಗೇರು, ಬ್ರೇಕು ಎಂದು ಬೀದಿಯಲ್ಲಿ ಹಲವರಿಗೆ ಹಲವು ಕೆಲಸ. ಸ್ಟೇರಿಂಗ್ ಬಿಚ್ಚಿ ಹಾಕುವುದಿದ್ದರೆ ಮಾತ್ರ ಗಾಡಿ ಈ ಮೂಲೆಗೆ ಬರುತ್ತದೆ. ದಿನಕ್ಕೆ ಎರಡು ಮುಗಿದರೆ ಹೆಚ್ಚು. ಬೇರೆಯವರು ಸುತ್ತಿಗೆಯಲ್ಲಿ ನಾಲ್ಕು ಬಾರಿಸಿ ಎಬ್ಬಿಸುವುದನ್ನು ಇವರು ಪುಲ್ಲರ್ ಎಂಬ ಎಳೆಯುವ ಉಪಕರಣ ಹಾಕಿ, ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿ ಎಬ್ಬಿಸುತ್ತಾರೆ.

"ಎಂಜಿನ್ ಮಾಡಿದವನ ಹೆಸರು ಹೇಳ್ತಾರೆ, ಬಣ್ಣ ಹೊಡೆದವನ ಹೆಸರು ಹೇಳ್ತಾರೆ. ಸ್ಟೇರಿಂಗು ನೇರ ಕೂತಿದ್ರೆ ಅದನ್ನ ಯಾರೋ ಕೂರಿಸಿದ್ರು ಅಂತಾನೇ ಯಾರಿಗೂ ಹೊಳೆಯಲ್ಲ ಕಣಮ್ಮ" ಎನ್ನುತ್ತಾರೆ ಮೆಲ್ಲಣ್ಣ, ಅವರ ಕೆಲಸ ನೋಡಲು ಬಂದು ಮೂಲೆಯಲ್ಲಿ ನಿಂತಿರುವ ನನಗೆ. "ದಂಡದ ಮೇಲೆ ಒಂದು ಹಲ್ಲು ಆಚೆ ಕೂತು ಓರೆಯಾಗಿರ್ಲಿ, ಆಗ ನೋಡು, ಮನೆ ಬಾಗಿಲಿಗೇ ಬರ್ತಾರೆ."

ಅವರೊಂದಿಗೆ ಮಾತಾಡುವಾಗ ಬಲಗಡೆ ನಿಲ್ಲಬೇಕು. ಎಡಗಿವಿ ಮಂದ. ಕೆಳತುಟಿಯಲ್ಲಿ ಹೊಲಿಗೆಯ ಗುರುತಿದೆ, ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಏರ್‌ಬ್ಯಾಗ್ ಇರುವ ಗಾಡಿಗಳು ಬೀದಿಗೆ ಹೊಸದಾಗಿ ಬರುತ್ತಿದ್ದ ದಿನಗಳಲ್ಲಿ ಆದದ್ದು. ಬ್ಯಾಟರಿ ತೆಗೆದ ಕೂಡಲೇ ಸ್ಟೇರಿಂಗಿನ ನಡುವೆ ಕೈ ಹಾಕಿದ್ದರು, ಒಳಗಿನ ಏರ್‌ಬ್ಯಾಗ್ ಮುಖಕ್ಕೇ ಸಿಡಿಯಿತು. ಬ್ಯಾಟರಿ ತೆಗೆದರೂ ಒಳಗೆ ಕೊಂಚ ಹೊತ್ತು ಕರೆಂಟು ಉಳಿದಿರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಶಬ್ದ ಕೇಳಿದ ನೆನಪೇ ಇಲ್ಲ. ಕಣ್ಣ ಮುಂದೆ ಎಲ್ಲಾ ಬೆಳ್ಳಗಾಯ್ತು, ಅಷ್ಟೇ. ಆಮೇಲೆ ನೋಡಿದ್ರೆ ನಾನು ಗೋಡೆ ಹತ್ರ ಇದ್ದೆ."

ಆಸ್ಪತ್ರೆಯಿಂದ ಬಂದ ದಿನವೇ ಹೆಂಡತಿ ಮಾತು ತೆಗೆದುಕೊಂಡರು: ಏರ್‌ಬ್ಯಾಗ್ ಇರುವ ಗಾಡಿ ಇನ್ನು ಈ ಮಾಡಿನ ಕೆಳಗೆ ಬರಕೂಡದು. ಅಂದಿನಿಂದ ಹಳೆಯ ಲಾರಿ, ಹಳೆಯ ವ್ಯಾನುಗಳದ್ದಷ್ಟೇ ಕೆಲಸ. ಇವತ್ತು ಬಂದು ನಿಂತಿರುವುದು ಆ ಹೆಂಡತಿಯ ಸ್ವಂತ ತಮ್ಮನ ಗಾಡಿ.

ಬಾಮೈದ ಬೀದಿ ಬೀದಿ ಸುತ್ತಿ ಪ್ಲಾಸ್ಟಿಕ್ ಸಾಮಾನು ಮಾರುವವನು. ಘಟ್ಟದ ದಾರಿಯಲ್ಲಿ ದಿನಾ ಹತ್ತಿಳಿಯುತ್ತಾನೆ. ಅವನ ಗಾಡಿಯ ಹಾರ್ನ್ ಸತ್ತು ಎಷ್ಟೋ ಕಾಲವಾಗಿದೆ. ಏರ್‌ಬ್ಯಾಗಿನ ಕೆಂಪು ದೀಪ ಸದಾ ಉರಿಯುತ್ತದೆ. ಕಣ್ಣಿಗೆ ಹೊಡೆಯುತ್ತದೆಂದು ಅದರ ಮೇಲೆ ಕಪ್ಪು ಟೇಪು ಅಂಟಿಸಿಕೊಂಡಿದ್ದಾನೆ. ಎರಡಕ್ಕೂ ಕಾರಣ ಒಂದೇ. ಸ್ಟೇರಿಂಗಿನ ಹಿಂದೆ ಸುರುಳಿ ಸುತ್ತಿಕೊಂಡಿರುವ ತೆಳ್ಳನೆಯ ಪಟ್ಟಿ ಹರಿದಿದೆ. ಹಾರ್ನಿಗೂ ಏರ್‌ಬ್ಯಾಗಿಗೂ ಕರೆಂಟು ಹೋಗುವುದು ಅದರ ಮೂಲಕವೇ. "ಹರಿದದ್ದು ಯಾವತ್ತು ಎಲ್ಲಿ ತಾಗುತ್ತೋ ಹೇಳಕ್ಕಾಗಲ್ಲ" ಎನ್ನುತ್ತಾರೆ ಮೆಲ್ಲಣ್ಣ. "ಬೇಕಾದಾಗ ಬ್ಯಾಗು ಬಿಚ್ಚದೇ ಇರಬಹುದು. ಬೇಡದಾಗ ಎದೆಗೇ ಬಿಚ್ಚಲೂಬಹುದು."

ಮಾಡಿಕೊಡುತ್ತೇನೆಂದು ಬಾಮೈದನಿಗೆ ಮಾತು ಕೊಟ್ಟು, ಇವತ್ತು ನಾಳೆ ಎಂದು ತಳ್ಳುತ್ತಲೇ ಬಂದರು. ಕಳೆದ ವಾರ ಘಟ್ಟದ ತಿರುವಿನಲ್ಲಿ ಎದುರು ಬಸ್ಸು ಬಂತು. ಹಾರ್ನ್ ಇಲ್ಲ. ಪಿಕಪ್ಪಿನ ಒಂದು ಗಾಲಿ ರಸ್ತೆ ಬಿಟ್ಟು ಗಾಳಿಯಲ್ಲಿ ನಿಂತಿತಂತೆ. ಅದನ್ನು ಬಾಮೈದ ನಗುತ್ತ ಹೇಳಿದ, ಅಕ್ಕ ನಗಲಿಲ್ಲ. ಗಂಡನ ಕೈಯೋ ತಮ್ಮನ ಎದೆಯೋ ಎಂದು ಒಳಗೊಳಗೇ ತೂಗಿ ತೂಗಿ, ನಿನ್ನೆ ಸಂಜೆ ತಾವೇ ಹೇಳಿದ್ದಾರೆ: "ಮಾಡಿಕೊಡ್ರೀ. ಆದ್ರೆ ನಾನು ಮಾತ್ರ ಆ ಕಡೆ ನೋಡಲ್ಲ."

ಶೆಡ್ಡಿನ ಹಿಂದೆಯೇ ಮನೆ. ಅಡುಗೆಮನೆಯ ಬಾಗಿಲು ಮುಚ್ಚಿದೆ. ಒಳಗೆ ಪಾತ್ರೆ ಬೇಕೆಂದೇ ಜೋರಾಗಿ ಸದ್ದು ಮಾಡುತ್ತಿದೆ.

"ಭಾವ, ನೀವು ಹೀಗೇ ನೋಡ್ತಾ ನಿಂತ್ರೆ ಗಾಡೀಗೆ ಮದುವೆ ವಯಸ್ಸು ಬರುತ್ತೆ" ಎನ್ನುತ್ತಾನೆ ಬಾಮೈದ.

"ನಿಂಗೇ ಬಂದಿಲ್ಲ, ಅದಕ್ಕೇನು ಅವಸರ? ಸುಮ್ನೆ ದೂರ ನಿಂತ್ಕೊ. ಗಾಡಿ ಮುಟ್ಟಬೇಡ, ಬಾಯೀನೂ ಮುಚ್ಕೊ."

ಬೀಗದ ಕೈ ಜೇಬು ಸೇರುತ್ತದೆ. ಬಾನೆಟ್ಟು ತೆರೆದು ಬ್ಯಾಟರಿಯ ತಂತಿ ಬಿಚ್ಚಿ, ಅದು ಎಲ್ಲಿಗೂ ತಾಗದಂತೆ ಬಟ್ಟೆ ಸುತ್ತುತ್ತಾರೆ. ಆಮೇಲೆ ಕಾಯುವುದು. ಟಯರಿನ ಮೇಲೆ ಕೂತು ಇಬ್ಬರೂ ಬೀಡಿ ಹಚ್ಚುತ್ತಾರೆ, ಬೀಡಿ ಮುಗಿದ ಮೇಲೂ ಕೂತೇ ಇರುತ್ತಾರೆ. ಕಾದಾದ ಮೇಲೆ ಹಾರ್ನ್ ಒತ್ತಿ ನೋಡುವುದು ಮೆಲ್ಲಣ್ಣನ ಲಾಗಾಯ್ತಿನ ರೂಢಿ. ಕೂಗದಿದ್ದರೆ ಗಾಡಿಯಲ್ಲಿ ಕರೆಂಟಿಲ್ಲ ಎಂದು ಲೆಕ್ಕ. ಒತ್ತುತ್ತಾರೆ. ಸದ್ದಿಲ್ಲ. ತಲೆಯಾಡಿಸುತ್ತಾರೆ.

ಡ್ರೈವರ್ ಸೀಟಿನಲ್ಲಿ ಅವರು ಕೂರುವುದಿಲ್ಲ. ಬಾಗಿಲ ಹೊರಗೆ ನಿಂತು, ಮುಖವನ್ನು ಪಕ್ಕಕ್ಕೆ ಹೊರಳಿಸಿ, ತೋಳನ್ನಷ್ಟೇ ಒಳಗೆ ಚಾಚುತ್ತಾರೆ. ಸ್ಟೇರಿಂಗಿನ ಬೆನ್ನ ಕಡೆಯ ಸ್ಕ್ರೂಗಳು ಸಡಿಲಾಗುತ್ತವೆ. ನಡುವಿನ ಮುಚ್ಚಳ, ಅಂದರೆ ಏರ್‌ಬ್ಯಾಗ್, ನಿಧಾನವಾಗಿ ಮೇಲೇಳುತ್ತದೆ. ಅದರ ಹಿಂದೆ ಹಳದಿ ಪ್ಲಗ್ಗು ಕಾಣುತ್ತದೆ. ಮಡಚಲಾಗದ ಎರಡು ಬೆರಳನ್ನು ಬಿಟ್ಟು ಉಳಿದವುಗಳಿಂದ ಅದನ್ನು ಹಿಡಿಯುತ್ತಾರೆ. ಅಡುಗೆಮನೆಯ ಪಾತ್ರೆಗಳು ಈಗ ಸುಮ್ಮನಾಗಿವೆ.

ಅಷ್ಟರಲ್ಲಿ ಆಚೆ ಬದಿಯ ಬಾಗಿಲು ತೆರೆದುಕೊಳ್ಳುತ್ತದೆ. ಚಹಾದ ಲೋಟ ಹಿಡಿದು ಹೆಂಡತಿ ನಿಂತಿದ್ದಾರೆ. "ನೋಡಲ್ಲ ಅಂದಿದ್ದೆ, ಚಹಾ ಕೊಡಲ್ಲ ಅಂದಿರ್ಲಿಲ್ಲ" ಎನ್ನುತ್ತ ತಲೆ ಒಳಗೆ ಹಾಕಿದವರು ಹಾಗೇ ಮೇಲೆ ನೋಡುತ್ತಾರೆ.

ಚಾವಣಿಯ ಪುಟ್ಟ ದೀಪ ಉರಿಯುತ್ತಿದೆ.

"ರೀ," ಎನ್ನುತ್ತಾರೆ ಅವರು ಬಹಳ ಮೆತ್ತಗೆ, "ಕರೆಂಟ್ ತೆಗ್ದಿದೀರಿ ಅಲ್ವಾ?"

ಮೆಲ್ಲಣ್ಣ ಅಲ್ಲಾಡುವುದಿಲ್ಲ. ಪ್ಲಗ್ಗು ಬಿಡುವುದೂ ಇಲ್ಲ, ಎಳೆಯುವುದೂ ಇಲ್ಲ. ಹಣೆಯಿಂದ ಒಂದು ಹನಿ ಇಳಿದು ಮೂಗಿನ ತುದಿಯಲ್ಲಿ ನಿಲ್ಲುತ್ತದೆ. ಬಾಗಿಲು ತೆರೆದರೆ ಹೊತ್ತುವ ದೀಪವದು; ಡ್ರೈವರ್ ಬಾಗಿಲಿನ ಸ್ವಿಚ್ಚು ಮುರಿದಿದ್ದರಿಂದ ಇಷ್ಟು ಹೊತ್ತು ಆ ದೀಪ ಉರಿದಿರಲಿಲ್ಲ. ಈ ಗಾಡಿಯ ಹಾರ್ನ್ ಕರೆಂಟು ಇದ್ದರೂ ಕೂಗುವುದಿಲ್ಲ ಎಂಬುದು ಅವರಿಗೀಗ ಹೊಳೆದಿದೆ. ಬೆರಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತಾರೆ. ಮುಚ್ಚಳವನ್ನು ಇದ್ದಲ್ಲೇ ಒರಗಿಸಿ ಹಿಂದೆ ಸರಿಯುತ್ತಾರೆ.

"ಇನ್ನೊಂದು ಬ್ಯಾಟರಿ ಎಲ್ಲಿದೆಯಯ್ಯಾ?"

ಬಾಮೈದನ ಮುಖದಲ್ಲಿ ರಕ್ತವಿಲ್ಲ. "ಸೀಟಿನ ಹಿಂದೆ, ಭಾವ. ಬಕೆಟ್ಟು ಬಕೆಟ್ಟು ಅಂತ ಕೂಗೋ ಸ್ಪೀಕರ್‌ಗೆ ಹಾಕ್ಸಿದ್ದು. ಅಂಗಡಿಯವ್ನು ಎಲ್ಲದಕ್ಕೂ ಸೇರಿಸಿಬಿಟ್ಟಿದಾನೆ, ಎಂಜಿನ್ ಆಫ್ ಇದ್ರೂ ನಡೀಲಿ ಅಂತ. ನೀವು ಬ್ಯಾಟರಿ ಅಂದಾಗ ನಾನು ಮುಂದಿನದ್ದು ಅಂದ್ಕೊಂಡೆ."

"ಲೋ, ಮನೆಹಾಳ!" ಅಕ್ಕ ಲೋಟವನ್ನು ನೆಲಕ್ಕೆ ಕುಕ್ಕುತ್ತಾರೆ, ಚಹಾ ಚೆಲ್ಲುತ್ತದೆ. "ಬಕೆಟ್ಟು ಮಾರೋಕೆ ಹೋಗಿ ನನ್ನ ಸಂಸಾರಾನೇ ಮಾರ್ತಿದ್ದೆಯಲ್ಲೋ!"

ಸಾಕು, ಬಿಟ್ಟುಬಿಡಿ ಎಂದು ಅವರು ಗಂಡನಿಗೆ ಹೇಳಬಹುದು. ಹೇಳುವುದಿಲ್ಲ. ಅರ್ಧ ಬಿಚ್ಚಿದ ಗಾಡಿಯಲ್ಲಿ ತಮ್ಮನಾದವನು ಮನೆಗೆ ಹೋಗುವುದೆಂತು? ಸೀಟಿನ ಹಿಂದಿನ ಬ್ಯಾಟರಿ ಹೊರಬರುತ್ತದೆ. ಅದನ್ನು ಅಕ್ಕನೇ ಹೊತ್ತು ಅಡುಗೆಮನೆಯಲ್ಲಿಟ್ಟು ಬಾಗಿಲು ಹಾಕಿ ಬರುತ್ತಾರೆ. ಮತ್ತೆ ಮೊದಲಿಂದ ಕಾಯುವುದು. ಈ ಸಲ ಮೆಲ್ಲಣ್ಣ ಹಾರ್ನನ್ನು ನಂಬುವುದಿಲ್ಲ. ಎರಡೂ ಬಾಗಿಲು ತೆರೆದು ಚಾವಣಿ ನೋಡುತ್ತಾರೆ, ಹೆಡ್‌ಲೈಟ್ ಹಾಕಿ ನೋಡುತ್ತಾರೆ, ಬಲ್ಬು ಕಟ್ಟಿದ ತಂತಿಯನ್ನು ತಾಗಿಸಿ ನೋಡುತ್ತಾರೆ. ಎಲ್ಲೂ ಬೆಳಕಿಲ್ಲ.

ಹಳದಿ ಪ್ಲಗ್ಗು 'ಟಿಕ್' ಎಂದು ಕಳಚಿಕೊಳ್ಳುತ್ತದೆ. ನಾವೆಲ್ಲ ಬೆಚ್ಚಿಬೀಳುತ್ತೇವೆ. ಏರ್‌ಬ್ಯಾಗನ್ನು ಎದೆಗೆ ತಾಗಿಸದೆ, ಮುಖವನ್ನು ಆಚೆ ಮಾಡಿ, ತುಂಬಿದ ಎಣ್ಣೆ ಪಾತ್ರೆ ಹೊತ್ತವರ ಹಾಗೆ ನಡೆದು, ಮೂಲೆಯ ಮೇಜಿನ ಮೇಲೆ ಅಂಗಾತ ಮಲಗಿಸುತ್ತಾರೆ. "ಬೋರಲು ಹಾಕಿದ್ರೆ, ಎದ್ದಾಗ ತಾನೇ ಹಾರಿ ಬರುತ್ತೆ" ಎಂದು ಪಿಸುಗುಡುತ್ತಾರೆ.

ಮುಂದಿನದು ಅವರ ಕೈಗೆ ಪಳಗಿದ ಕೆಲಸ. ಚಕ್ರಕ್ಕೂ ಅದು ಕೂರುವ ದಂಡಕ್ಕೂ ಸೇರಿಸಿ ಸುಣ್ಣದ ಒಂದೇ ಗೆರೆ ಎಳೆಯುತ್ತಾರೆ. ನಟ್ಟನ್ನು ಸಡಿಲಿಸುತ್ತಾರೆ, ಪೂರ್ತಿ ತೆಗೆಯುವುದಿಲ್ಲ; ಚಕ್ರ ಥಟ್ಟನೆ ಕಿತ್ತುಬಂದರೆ ಮುಖಕ್ಕೆ ಬಡಿಯದೆ ನಟ್ಟಿಗೇ ತಡೆದು ನಿಲ್ಲಲಿ ಎಂದು. ಪುಲ್ಲರ್ ತಿರುಗುತ್ತದೆ. ಚಕ್ರ ನರಳಿ, ಒಮ್ಮೆ ಜಿಗಿದು, ನಟ್ಟಿಗೆ ತಾಗಿ ನಿಲ್ಲುತ್ತದೆ. ಹರಿದ ಸುರುಳಿ ಹೊರಗೆ, ಹೊಸದು ಒಳಗೆ. ಗೆರೆಗೆ ಗೆರೆ ಸೇರಿಸಿ ಚಕ್ರ ಕೂರಿಸುತ್ತಾರೆ, ಹೊಸ ನಟ್ಟು ಹಾಕಿ ಬಿಗಿಯುತ್ತಾರೆ. ಅದೇ ಮೆಲ್ಲನೆಯ ನಡಿಗೆಯಲ್ಲಿ ಏರ್‌ಬ್ಯಾಗ್ ತನ್ನ ಜಾಗಕ್ಕೆ ಮರಳುತ್ತದೆ.

ಎಲ್ಲರನ್ನೂ ದೂರ ಕಳಿಸಿ ಬ್ಯಾಟರಿ ಜೋಡಿಸುತ್ತಾರೆ. ಕಿಟಕಿಯಿಂದ ಕೈ ಚಾಚಿ ಬೀಗದ ಕೈ ತಿರುಗಿಸುತ್ತಾರೆ. ಕಪ್ಪು ಟೇಪು ಕಿತ್ತ ಜಾಗದಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಒಳಗೆಲ್ಲ ಸರಿಯಿದ್ದರೆ ಅದು ತಾನೇ ಆರಬೇಕು. ದೀಪ ಆರುತ್ತದೆ.

"ಆಯ್ತಲ್ಲ ಭಾವ!" ಎಂದು ಬಾಮೈದ ಡ್ರೈವರ್ ಬಾಗಿಲಿಗೆ ನುಗ್ಗುತ್ತಾನೆ.

"ಆಗಿಲ್ಲ. ಓಡಿಸಿ ನೋಡ್ಬೇಕು. ನಾನು ಕೂರಿಸಿದ್ದಕ್ಕೆ ಮೊದಲು ನಾನೇ ಎದೆ ಕೊಡ್ಬೇಕು, ಸರಿ ಆಚೆ."

ಸೀಟಿಗೆ ಹತ್ತುತ್ತಾರೆ. ಗೋಡೆಗೆ ಬಿದ್ದ ದಿನದಿಂದ ಏರ್‌ಬ್ಯಾಗಿನ ಎದುರು ಅವರು ಕೂತಿಲ್ಲ. ಕೈ ಚಕ್ರದ ಮೇಲಿಡುತ್ತಾರೆ, ತೆಗೆಯುತ್ತಾರೆ, ಮತ್ತೆ ಇಡುತ್ತಾರೆ. ಆಗ ಆಚೆ ಬದಿಯ ಬಾಗಿಲು ತೆರೆದು ಹೆಂಡತಿ ಹತ್ತಿ ಕೂರುತ್ತಾರೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

"ಇಳಿಯೇ. ನೀನ್ಯಾಕೆ?"

"ನಡೀರಿ ಸುಮ್ನೆ. ಒಬ್ಬಳೇ ಅಡುಗೆಮನೇಲಿ ಕೂತು ಸಾಯೋಕಿಂತ ಇದೇ ವಾಸಿ."

"ಗಾಡಿ ನಂದು," ಎಂದು ಗೊಣಗುತ್ತಾನೆ ಬಾಮೈದ, "ನಾನೇ ಫುಟ್‌ಪಾತಲ್ಲಿ."

ಬೆಳಕಾಗಿದೆ. ಶಟರುಗಳು ಮೇಲೇರುತ್ತಿವೆ. ಪಿಕಪ್ ಬೀದಿಯುದ್ದಕ್ಕೂ ನಡೆಯುವಷ್ಟೇ ವೇಗದಲ್ಲಿ ಹೋಗುತ್ತದೆ. ಕೊನೆಯಲ್ಲಿ ತಿರುಗುತ್ತದೆ, ಹಾರ್ನ್ ಒಮ್ಮೆ ಗಟ್ಟಿಯಾಗಿ ಕೂಗುತ್ತದೆ. ಹಿಂದಿರುಗಿ ಬರುವಾಗ ನಮಗೆ ಗಾಜಿನೊಳಗೆ ಕಾಣುತ್ತದೆ: ಮೆಲ್ಲಣ್ಣ ಎರಡೂ ಕೈಯನ್ನು ಚಕ್ರದಿಂದ ಒಂದು ಗೇಣು ಮೇಲೆ ಎತ್ತಿ ಹಿಡಿದಿದ್ದಾರೆ. ಗಾಡಿ ಅತ್ತಿತ್ತ ಎಳೆಯುವುದಿಲ್ಲ. ಚಕ್ರವೂ ಒಂದು ಹಲ್ಲಿನಷ್ಟೂ ಓರೆಯಾಗಿಲ್ಲ.

ನಮ್ಮೆದುರು ನಿಲ್ಲಿಸಿ, ಕೈ ಇಳಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾರೆ. "ತಗೊಳ್ಳಯ್ಯಾ," ಎನ್ನುತ್ತಾರೆ ಬಾಮೈದನಿಗೆ, "ನೇರ ಕೂತಿದೆ."